ಸಣ್ಣತಾಯಮ್ಮನವರ ಕಾಗದದ ಕಟ್ಟುಗಳು

ಸಣ್ಣತಾಯಮ್ಮನವರನ್ನು ನಾನು ಮೊದಲು ನೋಡಿದ್ದು ಅಮೆರಿಕದ ಮಿಲ್ಪಿಟಾಸಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ. ಅದು ೧೯೮೪ನೇ ಇಸವಿ, ಫೆಬ್ರವರಿ ತಿಂಗಳು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಮಗಳ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ದಿನ ಒಗೆಯುವ ಯಂತ್ರ ನನ್ನ ನಾಣ್ಯಗಳನ್ನೆಲ್ಲ ನುಂಗಿ, ನೀರೂ ಬಿಡದೆ ಸದ್ದೂ ಮಾಡದೆ ಕೂತಿತ್ತು. ಸುತ್ತ ಯಾರೂ ಇಲ್ಲವೆಂದುಕೊಂಡು ಅದಕ್ಕೆ ನಮ್ಮೂರ ಮಾತಿನಲ್ಲಿ ಬೈದೆ.

"ನಿನ್ನ ಬಾಯಾಗ ಬೂದಿ ಬೀಳ್ಲಿ. ನುಂಗಿದ ರೊಕ್ಕ ನಿನಗ ಮೂಲವ್ಯಾಧಿ ಆಗ್ಲಿ."

ಹಿಂದಿನಿಂದ ಒಂದು ದನಿ ಬಂತು. "ಇನ್ನೊಂದ್ಸಲ ಯೋಳಿ ಕನವ್ವ."

ತಿರುಗಿದರೆ, ಸೀರೆಯ ಮೇಲೆ ಯಾರದೋ ಗಂಡಸರ ಕೋಟು ಹಾಕಿಕೊಂಡ ಕುಳ್ಳನೆಯ ಹೆಂಗಸು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಕೈಯಲ್ಲಿ ಬಟ್ಟೆಬುಟ್ಟಿ ಇರಲಿಲ್ಲ, ಪೆನ್ಸಿಲಿತ್ತು. ಈ ದೇಶದಲ್ಲಿ ಕನ್ನಡದವರು ಎದುರಾದರೆ ಮೊದಲು ಯಾವೂರು ಎಂದು ಕೇಳುತ್ತಾರೆ, ಆಮೇಲೆ ಅಳಿಯ ಯಾವ ಕಂಪನಿ ಎಂದು ಕೇಳುತ್ತಾರೆ. ಇವರು ಬೈಗುಳ ಕೇಳಿದರು. ನಾಚಿಕೆಯಾದರೂ ಇನ್ನೊಂದು ಸಲ ಹೇಳಿದೆ.

"ಯಾವ ತಾಲ್ಲೂಕು?"

"ಬಾಗಲಕೋಟಿ ಕಡೀರಿ."

"ಹಂಗಾರೆ ಬುಡಿ," ಎಂದು ಪೆನ್ಸಿಲನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಚೆನ್ನಾಗದೆ. ಆದ್ರೆ ನಮ್ ತಾಲ್ಲೂಕಿಂದಲ್ಲ."

ಬೈಗುಳಕ್ಕೂ ಗಡಿಕಲ್ಲು ಇರುತ್ತದೆಂದು ನನಗೆ ಗೊತ್ತಾದದ್ದು ಆವತ್ತು. ಆಮೇಲೆ ಅವರು ಯಂತ್ರದ ಪಕ್ಕೆಗೆ ಅಂಗೈಯಿಂದ ಒಂದು ಏಟು ಹಾಕಿದರು. ನೀರು ಬಂತು.

ಅವರ ತಾಲ್ಲೂಕು ಗುಂಡ್ಲುಪೇಟೆ. ಮೈಸೂರಿನಿಂದ ದಕ್ಷಿಣಕ್ಕೆ ಹೋದರೆ, ಕಾಡು ಶುರುವಾಗುವ ಮೊದಲು ಸಿಗುತ್ತದಂತೆ. ನಾನು ನೋಡಿಲ್ಲ. ಆದರೆ ಅಲ್ಲಿಯ ಯಾವ ಹಟ್ಟಿಯಲ್ಲಿ ಯಾರ ಎಮ್ಮೆ ಹಾಯುತ್ತಿತ್ತು, ಯಾವ ಅತ್ತೆ ಉಪ್ಪಿನ ಗಡಿಗೆಗೆ ಬೀಗ ಹಾಕುತ್ತಿದ್ದಳು ಎಂದು ಕೇಳಿದರೆ ಇವತ್ತಿಗೂ ಹೇಳಬಲ್ಲೆ. ಅದೆಲ್ಲ ಅವರ ಉಪಕಾರ.

ಐವತ್ತರ ದಶಕದಲ್ಲಿ ಸರ್ಕಾರದವರು ಅವರನ್ನು ಗ್ರಾಮಸೇವಿಕಾ ಕೆಲಸಕ್ಕೆ ತೆಗೆದುಕೊಂಡು, ಹಳ್ಳಿ ಹೆಂಗಸರಿಗೆ ಹೊಗೆ ಬಾರದ ಒಲೆ ಹಾಕಿಸಿಕೊಡು ಎಂದು ಕಳಿಸಿದರಂತೆ. ಇವರು ಸೈಕಲ್ ಹತ್ತಿ ಹೋದರು. ಹೆಂಗಸರು, ಹೊಗೆ ಇಲ್ಲದಿದ್ದರೆ ಮಾಡಿನ ಹುಲ್ಲಿಗೆ ಹುಳ ಬೀಳುತ್ತದೆ, ನಿನ್ನ ಒಲೆ ನೀನೇ ಇಟ್ಟುಕೋ ಎಂದರು. ಇನ್ನೊಬ್ಬರಾಗಿದ್ದರೆ ಬೇಜಾರು ಮಾಡಿಕೊಂಡು ಹಿಂದಿರುಗುತ್ತಿದ್ದರು. ಇವರು ಜಗಲಿಯ ಮೇಲೆ ಕೂತು, ಒಲೆ ಬೇಡ ಎಂದದ್ದನ್ನೇ ಬರೆದುಕೊಂಡರು. ಬರೆಯಲು ಕಾಗದವಿರಲಿಲ್ಲವಾಗಿ, ಎಷ್ಟು ಒಲೆ ಹಾಕಿಸಿದೆ ಎಂದು ತುಂಬಬೇಕಾದ ಸರ್ಕಾರಿ ಹಾಳೆಗಳ ಹಿಂಬದಿಯಲ್ಲೇ ಬರೆದರು. ಮುಂಬದಿ ಖಾಲಿಯೇ ಉಳಿಯಿತು.

ಹೀಗೆ ಶುರುವಾದದ್ದು ಕೆಲಸ ಬಿಡುವವರೆಗೂ ನಡೆಯಿತು. ರಾಗಿ ತುಂಬಿಡುವ ಹಗೇವು ತೋಡುವುದು, ಬಾಣಂತಿಗೆ ಕೊಡುವ ಖಾರ, ಕುಂಬಾರ ಮನೆಗೆ ಬಂದ ದಿನ ಮಾಡುವ ಅಡಿಗೆ, ಭಾವ ಒಳಗೆ ಬಂದರೆ ಕೆಮ್ಮುವ ಬಗೆ, ಕೋಳಿ ಕದ್ದವರಿಗೆ ಹಾಕುವ ಶಾಪ. ಅವರು ಸೈಕಲ್ ನಿಲ್ಲಿಸಿದ್ದು ಕಂಡರೆ ಗಂಡಸರು ಹೊಲಕ್ಕೆ ಹೋಗುತ್ತಿದ್ದರಂತೆ, ಹೆಂಗಸರು ಹೊಲದಿಂದ ಬರುತ್ತಿದ್ದರಂತೆ.

"ಅಕ್ಕೋರ, ಮದವಿ ಯಾಕ ಆಗ್ಲಿಲ್ಲ ನೀವು?" ಎಂದು ಒಮ್ಮೆ ಕೇಳಿದೆ. ಮಾಸ್ತರಿಕೆ ಮಾಡುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ, ಗ್ರಾಮಸೇವಿಕಾ ಅನ್ನುವುದಕ್ಕೆ ನಾಲಗೆ ತಿರುಗದೆ ನಾನು ಹಾಗೇ ಕರೆಯುತ್ತಿದ್ದೆ.

"ಸೈಕಲ್ಲಿಗೆ ಹಿಂದುಗಡೆ ಕ್ಯಾರಿಯರ್ ಇರ್ನಿಲ್ಲ ಕನವ್ವ," ಎಂದರು.

ತಂಗಿ ಸತ್ತ ಮೇಲೆ ಅವಳ ಮಗಳು ಊರ್ಮಿಳಾಳನ್ನು ಅವರೇ ಸಾಕಿದ್ದರು. ಊರ್ಮಿಳಾ ತಿರುಮಲೇಶನನ್ನು ಮದುವೆಯಾಗಿ ಮಿಲ್ಪಿಟಾಸಿಗೆ ಬಂದಳು, ಆತ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಎಂಜಿನಿಯರು. ದೊಡ್ಡಮ್ಮನನ್ನೂ ಕರೆಸಿಕೊಂಡರು. ಬರುವಾಗ ಹುರಿಹಿಟ್ಟು, ಮಾವಿನ ಉಪ್ಪಿನಕಾಯಿ, ಕಬ್ಬಿಣದ ದೋಸೆ ಹೆಂಚು ತನ್ನಿ ಎಂದು ಊರ್ಮಿಳಾ ಬರೆದಿದ್ದಳು. ದೊಡ್ಡಮ್ಮ ಎರಡು ಟ್ರಂಕಿನ ತುಂಬ ಕಾಗದ ತಂದರು. ಊರ್ಮಿಳಾ ಟ್ರಂಕು ತೆಗೆದು ನೋಡಿ ಅತ್ತಳೆಂದು ತಿರುಮಲೇಶ ಹೇಳುತ್ತಿದ್ದ. ಖುಷಿಗೆ ಅಳು ಬಂದದ್ದು ಎಂದು ದೊಡ್ಡಮ್ಮ ಹೇಳುತ್ತಿದ್ದರು.

ಕಾಗದಗಳನ್ನು ಅವರು ಜೋಡಿಸಿದ್ದ ರೀತಿ ಹೇಳಬೇಕು. ಬೇಸಾಯದ್ದು ಒಂದು ಕಡೆ, ಹಬ್ಬದ್ದು ಒಂದು ಕಡೆ ಅಂತ ಅಲ್ಲ. ಹೇಳಿದವರು ಯಾರೋ ಅವರ ಹೆಸರಿನಲ್ಲಿ ಒಂದು ಕಟ್ಟು. ಲಿಂಗಮ್ಮ ಹೇಳಿದ ಶಾಪ, ಲಿಂಗಮ್ಮ ಹೇಳಿದ ಸೊಪ್ಪಿನ ಸಾರು, ಲಿಂಗಮ್ಮ ಹೇಳಿದ ಮಳೆ ಲೆಕ್ಕ ಎಲ್ಲ ಲಿಂಗಮ್ಮನ ಕಟ್ಟಿನಲ್ಲಿ. ಕಟ್ಟಿಗೆ ಸುತ್ತಿದ್ದು ಅವಳದೇ ಹಳೆಯ ಸೀರೆಯಿಂದ ಹರಿದ ಪಟ್ಟಿ. ಆ ಪಟ್ಟಿಯ ಮೇಲೆ ಶಾಯಿಯಲ್ಲಿ ಅವಳ ಹೆಸರು.

ಹೆಸರು ಈಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತಂತೆ. "ನಿನ್ ಹೆಸರೇನವ್ವ ಅಂದ್ರೆ, 'ನಮ್ಮ ಯಜಮಾನ್ರ ಹೆಸರು ಬರ್ಕಳಿ' ಅನ್ನೋರು. ಸರಿ, ಯಜಮಾನ್ರ ಹೆಸರೇನು ಅಂದ್ರೆ, 'ಅಯ್ಯೋ, ಅದ ನಾನೆಂಗ್ ಯೋಳನ' ಅನ್ನೋರು. ಮುಗೀತಲ್ಲ." ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರು ನಮ್ಮ ಕಡೆಯೂ ಉಂಟು, ನಾನೂ ಅವರಲ್ಲಿ ಒಬ್ಬಳು. ಇವರು ಬಿಡದೆ ಕೂತು, ಮೂರು ಸಲ ಹೋಗಿ ಬಂದು, ಹೆಂಗಸಿನ ಸ್ವಂತ ಹೆಸರೇ ಬರೆದುಕೊಳ್ಳುತ್ತಿದ್ದರು. ಪಹಣಿಯಲ್ಲಿ ಆ ಹೆಸರು ಇರಲಿಲ್ಲ, ಮನೆಯಲ್ಲೂ ಯಾರೂ ಕರೆಯುತ್ತಿರಲಿಲ್ಲ. ಸಣ್ಣತಾಯಮ್ಮನವರ ಸೀರೆ ಪಟ್ಟಿಯ ಮೇಲೆ ಮಾತ್ರ ಇತ್ತು.

"ಹೆಸರಿಲ್ದೆ ಬರುದ್ರೆ ಅದು ಚಾಡಿ ಮಾತು," ಎನ್ನುತ್ತಿದ್ದರು.

೧೯೮೫ರ ಮಳೆಗಾಲ ಮುಗಿದ ಮೇಲೆ, ಮಳೆಗಾಲ ಅಂದರೆ ನಮ್ಮೂರಿನದು, ಇಲ್ಲಿ ಆಗ ಮಳೆ ಶುರುವಾಗುತ್ತದೆ, ಒಂದು ದೊಡ್ಡ ವಿದ್ಯಾಲಯದ ಪ್ರೊಫೆಸರಮ್ಮ ಕನ್ನಡದವರ ದೀಪಾವಳಿ ಊಟಕ್ಕೆ ಬಂದಿದ್ದರು. ಅಮೆರಿಕದ ಹೆಂಗಸು, ಮೈಸೂರಿನಲ್ಲಿದ್ದು ಕನ್ನಡ ಕಲಿತಿದ್ದರು. ನಮ್ಮನ್ನೆಲ್ಲ ತಾವು ತಾವು ಎಂದು ಮಾತಾಡಿಸಿ ಹೆದರಿಸಿಬಿಟ್ಟರು. ಊರ್ಮಿಳಾ ಕಾಗದಗಳ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟರು. ವಿದ್ಯಾಲಯದ ಗ್ರಂಥಾಲಯ ಇದನ್ನೆಲ್ಲ ತೆಗೆದುಕೊಂಡು ಶಾಶ್ವತವಾಗಿ ಕಾಪಾಡುತ್ತದೆ, ಏಪ್ರಿಲ್ ತಿಂಗಳಲ್ಲಿ ಬಂದು ಒಯ್ಯುತ್ತೇನೆ, ಅಷ್ಟರೊಳಗೆ ವಿಷಯವಾರು ಜೋಡಿಸಿದರೆ ಉಪಕಾರ ಎಂದರು.

"ಹೇಳ್ದೋರ ಹೆಸರಿನ್ ಮೇಲೆ ಜೋಡ್ಸಿವ್ನಿ. ಹಂಗೇ ತಕ್ಕಂಡ್ರೆ ತಕ್ಕಳಿ," ಎಂದರು ಸಣ್ಣತಾಯಮ್ಮ.

"ತಾವು ಹೇಗೆ ಕೊಟ್ಟರೂ ಸಂತೋಷ," ಎಂದರು ಪ್ರೊಫೆಸರಮ್ಮ. ಮಾತು ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು. ಪಕ್ಕದಲ್ಲಿ ತಿರುಮಲೇಶ ಕೂತಿದ್ದ. ಅವನ ಕಿವಿಗೆ ಬಿದ್ದದ್ದು 'ವಿಷಯವಾರು' ಒಂದೇ.

ತಿರುಮಲೇಶ ಒಳ್ಳೆಯ ಹುಡುಗ. ಅವನ ಮನೆಯ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಡಬ್ಬಿಯ ಮೇಲೂ ತಾರೀಖು ಇರುತ್ತಿತ್ತು. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ ಬಂದಾಗ ಊರ್ಮಿಳಾ ದೊಡ್ಡಮ್ಮನನ್ನು ಸ್ಯಾಕ್ರಮೆಂಟೊದ ಗೆಳತಿಯ ಮನೆಗೆ ಕರೆದುಕೊಂಡು ಹೋದಳು. ಇವನು ಆಫೀಸು ಕೆಲಸವಿದೆ ಎಂದು ಉಳಿದುಕೊಂಡ. ಅವರು ಹೋದದ್ದೇ ತಡ, ಕಟ್ಟುಗಳನ್ನೆಲ್ಲ ಬಿಚ್ಚಿ, ಒಂದೊಂದು ಹಾಳೆ ಓದಿ, ಬೇಸಾಯ, ಅಡಿಗೆ, ಹಬ್ಬ, ದನಕರು, ಔಷಧಿ, ಜಗಳ ಎಂದು ಬೇರೆ ಬೇರೆ ಪೆಟ್ಟಿಗೆಗೆ ಹಾಕಿದ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಕ್ಷರ ಒತ್ತುವ ಒಂದು ಯಂತ್ರ ಕೊಂಡು ತಂದು ಹೆಸರು ಅಂಟಿಸಿದ. ದೊಡ್ಡಮ್ಮನಿಗೆ ಸರ್ಪ್ರೈಸು ಕೊಡಬೇಕೆಂಬುದು ಅವನ ಆಸೆ.

ಆ ಸೀರೆ ಪಟ್ಟಿಗಳನ್ನು ಬಿಸಾಡಿದ್ದರೂ ಆಗುತ್ತಿತ್ತು, ಕಸದ ಡಬ್ಬಿಯಿಂದ ಹೆಕ್ಕಬಹುದಿತ್ತು. ಆದರೆ ಅವನು ಮಡಿವಂತರ ಮನೆಯ ಹುಡುಗ. ದೊಡ್ಡಮ್ಮನ ನೆನಪಿನ ಬಟ್ಟೆ, ಇಷ್ಟೊಂದು ಧೂಳಾಗಿದೆ ಎಂದು ಕೆಳಗೆ ಒಗೆಯುವ ಕೋಣೆಗೆ ಒಯ್ದು, ಬಿಸಿನೀರಿಗೆ ಬ್ಲೀಚು ಸುರಿದು ಒಗೆದ. ಒಣಗಿಸಿ ಇಸ್ತ್ರಿ ಮಾಡಿ ಮಡಿಸಿಟ್ಟ.

ಭಾನುವಾರ ಸಂಜೆ ಅವರು ಬಂದಾಗ ನಾನು ರೊಟ್ಟಿ ಕೊಡಲು ಅಲ್ಲಿಗೆ ಹೋಗಿದ್ದೆ.

"ದೊಡ್ಡಮ್ಮಾ, ಕಣ್ಣು ಮುಚ್ಚಿಕೊಳ್ಳಿ," ಎಂದ ತಿರುಮಲೇಶ. "ಈಗ ನೋಡಿ. ಎಲ್ಲಾ ಸಬ್ಜೆಕ್ಟು ವೈಸು. ಯಾವುದು ಬೇಕಾದರೂ ಅರ್ಧ ನಿಮಿಷದಲ್ಲಿ ಸಿಗುತ್ತೆ."

ಸಣ್ಣತಾಯಮ್ಮ ಪೆಟ್ಟಿಗೆಗಳನ್ನು ನೋಡಿದರು. ಪಕ್ಕದಲ್ಲಿ ಮಡಿಸಿಟ್ಟ ಪಟ್ಟಿಗಳನ್ನು ಎತ್ತಿಕೊಂಡು ಒಂದೊಂದಾಗಿ ತಿರುವಿದರು. ಮಲ್ಲಿಗೆ ಹೂವಿನ ಹಾಗೆ ಬೆಳ್ಳಗಿದ್ದವು. ಯಾವುದು ಯಾರ ಸೀರೆ ಎಂದು ಬಣ್ಣ ಕೂಡ ಹೇಳುತ್ತಿರಲಿಲ್ಲ.

"ಊಟ ಮಾಡ್ದೇನಪ್ಪ?" ಎಂದು ಕೇಳಿದರು.

"ಇಲ್ಲ ದೊಡ್ಡಮ್ಮ, ಇದೇ ಕೆಲಸದಲ್ಲಿದ್ದೆ."

"ಶರಣವ್ವಾರು ರೊಟ್ಟಿ ತಂದವ್ರೆ. ತಿನ್ನು ಮೊದ್ಲು."

ಅವನು ಎರಡು ರೊಟ್ಟಿ ತಿಂದು ಮುಗಿಸಿದ ಮೇಲೆ ಹೆಸರುಗಳು ಆ ಪಟ್ಟಿಗಳ ಮೇಲೆ ಮಾತ್ರ ಇದ್ದವೆಂದು ಊರ್ಮಿಳಾಳೇ ಅವನಿಗೆ ತಿಳಿಸಿದಳು. ಮೂರನೆಯ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಮರುದಿನ ಎಲ್ಲರೂ ಆಫೀಸಿಗೆ ಹೋದ ಮೇಲೆ ಸಣ್ಣತಾಯಮ್ಮ 'ಜಗಳ' ಎಂಬ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು.

"ಏಪ್ರಿಲ್ ಒಳ್ಗೆ ಎಲ್ಲರ್ನೂ ಅವರವರ ಮನೆಗೆ ಕಳಿಸ್ಬೇಕು. ಕೂತ್ಕಳಿ," ಎಂದರು.

"ನನಗ ಓದಾಕ ನೆಟ್ಟಗ ಬರೂದಿಲ್ರಿ ಅಕ್ಕೋರ. ನಾ ಏನ್ ಮಾಡ್ಲಿ?"

"ಓದೋದು ನಾನು. ನೀವು ಕೇಳಿ. ಗೋಡೆಗೆ ಓದುದ್ರೆ ಗೋಡೆ ನಗಾಕಿಲ್ಲ."

ಒಂದು ಹಾಳೆ ತೆಗೆದು ಸುಮ್ಮನೆ ಓದಿದರು. ಯಾರು ಹೇಳಿದ್ದೆಂದು ಹೊಳೆಯಲಿಲ್ಲ. ಮತ್ತೆ ಓದಿದರು, ಸ್ವಲ್ಪ ಮೂಗಿನಲ್ಲಿ. ಮತ್ತೊಮ್ಮೆ, ಸೊಂಟಕ್ಕೆ ಕೈ ಇಟ್ಟು ಎದ್ದು ನಿಂತು. ಆಗ ದನಿ ಬಂತು. ನನ್ನೆದುರು ನಿಂತಿದ್ದವರು ಸಣ್ಣತಾಯಮ್ಮ ಆಗಿರಲಿಲ್ಲ.

"ನನ್ ಕೋಳಿ ತಿಂದೋರ ನಾಲ್ಗೆ ಮ್ಯಾಲೆ ಪುಕ್ಕ ಉಟ್ಲಿ. ಹೊತ್ತಾರೆಗೆ ಅವರ ಬಾಯೇ ಎದ್ದು ಕೊಕ್ಕೊಕ್ಕೋ ಅನ್ಲಿ. ಊರೆಲ್ಲ ಕೇಳ್ಲಿ."

"ಲಿಂಗಮ್ಮ," ಎಂದು ಕೂತು, ಹಾಳೆಯ ಮೂಲೆಯಲ್ಲಿ ಬರೆದುಕೊಂಡರು. "ಇವ್ಳದು ಸುಲಭ."

ಬಾಗಿಲು ಬಡಿದ ಸದ್ದಾಯಿತು. ಅಪಾರ್ಟ್‌ಮೆಂಟಿನ ಮ್ಯಾನೇಜರು ನಿಂತಿದ್ದ, ಎರಡು ಮನೆ ಆಚೆಯವರು ಕೂಗಾಟ ಕೇಳಿ ಫೋನು ಮಾಡಿದ್ದರಂತೆ. ನಾನು ಬಾಗಿಲ ಹಿಂದಕ್ಕೆ ಸರಿದೆ. ಸಣ್ಣತಾಯಮ್ಮ ಮುಂದೆ ಹೋಗಿ, ಸರ್ಕಾರಿ ಕೆಲಸದಲ್ಲಿ ಕಲಿತ ಇಂಗ್ಲಿಷಿನಲ್ಲಿ ಹೇಳಿದರು. "ನೋ ಪ್ರಾಬ್ಲಮ್ ಸಾರ್. ಹೆನ್ ಸ್ಟೋಲನ್. ನೈನ್‌ಟೀನ್ ಫಿಫ್ಟಿ ಎಯ್ಟ್."

ಅವನು ಒಳಗೆ ಇಣುಕಿ ನೋಡಿದ. ಕೋಳಿ ಇರಲಿಲ್ಲ. ಹೋದ.

ಆ ಚಳಿಗಾಲವೆಲ್ಲ ಹೀಗೇ ನಡೆಯಿತು. ಬೆಳಿಗ್ಗೆ ಬರುತ್ತಿದ್ದರು, ಮಗಳು ಬರುವ ಹೊತ್ತಿಗೆ ಏಳುತ್ತಿದ್ದರು. ಗೌರಮ್ಮ ಎಂಬ ಇನ್ನೊಬ್ಬಳ ದನಿ ಮಾಡಬೇಕಾದರೆ ಗೋಡೆಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಪಿಸುಗುಟ್ಟಬೇಕು. ಅವಳು ಪ್ರತಿ ಮಾತಿನ ಕೊನೆಗೂ 'ಅಂತೀನಿ' ಎನ್ನುವವಳು. "ಹಗೇವಿಗೆ ಇಳಿಯೋಕೆ ಮುಂಚೆ ದೀಪ ಇಳೇಬುಡ್ಬೇಕು ಅಂತೀನಿ. ದೀಪ ಆರೋದ್ರೆ ನೀನು ಇಳೀಬ್ಯಾಡ ಅಂತೀನಿ. ಅತ್ತೆ ಇಳಿ ಅಂದ್ರೆ ಅತ್ತೇನೇ ಮೊದ್ಲು ಇಳಿಸು ಅಂತೀನಿ." ದನಿ ಸರಿಯಾಗಿ ಬಂದ ಕೂಡಲೇ ಹೆಸರು ಹೇಳಿ ಬರೆಯುತ್ತಿದ್ದರು. ಬಾರದಿದ್ದರೆ ಇನ್ನೊಬ್ಬರ ದನಿಯಲ್ಲಿ ಓದುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ರವಿಕೆ ಅಳತೆ ನೋಡಿದ ಹಾಗೆ.

ಕೇಳಿ ಕೇಳಿ ನನಗೂ ಧೈರ್ಯ ಬಂತು. "ಇದು ಗೌರಮ್ಮಂದಲ್ರಿ ಅಕ್ಕೋರ. ಇಕಿ ಸಿಟ್ಟಿನಾಕಿ ಅದಾಳ," ಎನ್ನುತ್ತಿದ್ದೆ.

"ನೀವು ನೋಡಿದ್ದೀರಾ ಗೌರಮ್ಮನ್ನ?"

"ದಿನಾ ನಮ್ಮನೀಗೇ ಬರ್ತಾಳಲ್ರಿ."

ಆಗ ಹಾಳೆಯನ್ನು ದೂರ ಹಿಡಿದು ನೋಡಿ, "ಇರಬೈದು," ಎನ್ನುತ್ತಿದ್ದರು. ಒಪ್ಪಿದೆ ಎನ್ನುತ್ತಿರಲಿಲ್ಲ. ಅವರ ತಾಲ್ಲೂಕಿನಲ್ಲಿ ಒಪ್ಪುವುದಕ್ಕೆ ಇರಬೈದು ಎನ್ನುತ್ತಾರೆಂದು ನಾನು ಅರ್ಥ ಮಾಡಿಕೊಂಡೆ.

ತಿರುಮಲೇಶ ಆ ದಿನಗಳಲ್ಲಿ ನನ್ನನ್ನು ಮೆಟ್ಟಿಲ ಮೇಲೆ ಕಂಡರೂ ತಲೆ ತಗ್ಗಿಸಿ ಹೋಗುತ್ತಿದ್ದ. ದೊಡ್ಡಮ್ಮ ಅವನನ್ನು ಬೈದಿರಲಿಲ್ಲ, ಅದೇ ಅವನಿಗೆ ಕಷ್ಟ. ಒಂದು ಸಂಜೆ ಅವರ ಮುಂದೆ ಬಂದು ನಿಂತು, "ಲಿಂಗಮ್ಮನ ಶಾಪ ಯಾವುದಾದರೂ ಒಂದು ನನಗೆ ಹಾಕಿಬಿಡಿ ದೊಡ್ಡಮ್ಮ, ಮುಗಿದುಹೋಗಲಿ," ಎಂದ.

"ಅದೆಲ್ಲ ನಮ್ ತಾಲ್ಲೂಕಿನೋರ್ಗೆ ಮಾತ್ರ," ಎಂದರು ಅವರು. "ನೀನು ಬಸವನಗುಡಿಯೋನು. ಆ ಯಂತ್ರ ತಾ. ಹೆಸರು ಒತ್ತು."

ಅವನು ರಾತ್ರಿ ಊಟವಾದ ಮೇಲೆ ಕೂತು ಒಂದೊಂದೇ ಅಕ್ಷರ ತಿರುಗಿಸಿ ಹೆಸರು ಒತ್ತತೊಡಗಿದ. ವಿಷಯವಾರು ಪೆಟ್ಟಿಗೆ ಹಾಗೇ ಇರಲಿ, ಪ್ರತಿ ಹಾಳೆಯ ಮೇಲೆ ಹೇಳಿದವಳ ಹೆಸರಿನ ಪಟ್ಟಿ ಅಂಟಲಿ ಎಂದು ಇಬ್ಬರೂ ರಾಜಿಯಾದರು. ಬೇಸಾಯ ಬೇಕಾದವರಿಗೆ ಬೇಸಾಯ, ಲಿಂಗಮ್ಮ ಬೇಕಾದವರಿಗೆ ಲಿಂಗಮ್ಮ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಇದ್ದವು. "ಪರವಾಗಿಲ್ಲ," ಎಂದರು ಸಣ್ಣತಾಯಮ್ಮ, "ಯಾವ್ ಅಕ್ಷರದಲ್ಲಿ ಬರುದ್ರೂ ಅವ್ರಿಗೆ ಓದಾಕೆ ಬತ್ತಿರ್ನಿಲ್ಲ."

ಮಾರ್ಚ್ ಕೊನೆಗೆ ಒಂದು ಹಿಡಿಯಷ್ಟು ಹಾಳೆ ಉಳಿದವು. ಅವುಗಳಲ್ಲಿ ಒಂದನ್ನು ಅವರು ಎಲ್ಲಕ್ಕಿಂತ ಇಷ್ಟಪಡುತ್ತಿದ್ದರು. ಬೀಸುವ ಕಲ್ಲಿನ ವಿಷಯ ಅದು. ನಸುಕಿನಲ್ಲಿ ಕಲ್ಲಿನ ಸದ್ದು ಕೇಳಿದರೆ ಯಾವ ಮನೆಯಲ್ಲಿ ಹಿಂದಿನ ರಾತ್ರಿ ಜಗಳವಾಗಿದೆ ಎಂದು ಹೇಳಬಹುದಂತೆ. ಸೊಸೆ ಸಿಟ್ಟಾಗಿದ್ದರೆ ಕಲ್ಲು ಬೇಗ ತಿರುಗುತ್ತದೆ, ಹಿಟ್ಟು ತರಿತರಿ ಬೀಳುತ್ತದೆ. ಆ ದಿನ ಆ ಮನೆಯ ಗಂಡಸಿನ ಮುದ್ದೆ ಗಂಟಲಲ್ಲಿ ಕೆರೆಯುತ್ತದೆ. ಅವನು ಕಾರಣ ಕೇಳಬಾರದು.

ಲಿಂಗಮ್ಮನ ದನಿಯಲ್ಲಿ ಓದಿದರು, ಗೌರಮ್ಮನ ದನಿಯಲ್ಲಿ ಓದಿದರು, ಗಂಡಸರ ದನಿಯಲ್ಲೂ ಓದಿದರು. ಯಾವುದೂ ಕೂಡಲಿಲ್ಲ. ಒಮ್ಮೆ ಹಾಳೆಯನ್ನು ಮೂಸಿಯೂ ನೋಡಿದರು. ಬ್ಲೀಚಿನ ವಾಸನೆ ಎಂದರು. ಅದು ಸುಳ್ಳು, ಹಾಳೆಗೆ ಬ್ಲೀಚು ತಾಗಿರಲಿಲ್ಲ. ಆದರೆ ಅವರ ಕಣ್ಣು ಒದ್ದೆಯಾಗಿತ್ತು, ನಾನು ಹೌದೆಂದೆ.

"ಗೌರಮ್ಮ ಅಂತ ಹಾಕಿಬಿಡೋಣ ದೊಡ್ಡಮ್ಮ," ಎಂದಳು ಊರ್ಮಿಳಾ. "ಯಾರು ಬಂದು ಚೆಕ್ಕು ಮಾಡ್ತಾರೆ?"

"ಹೇಳ್ದೋಳೇ ಬತ್ತಾಳೆ."

"ಎಲ್ಲಿಗೆ, ಮಿಲ್ಪಿಟಾಸಿಗಾ?"

"ನನ್ ತಲೆ ಒಳಕ್ಕೆ."

ಏಪ್ರಿಲಿನಲ್ಲಿ ಪ್ರೊಫೆಸರಮ್ಮ ವ್ಯಾನು ತಂದರು. ಹೆಸರಿಲ್ಲದ ಹಾಳೆಗಳನ್ನು ನೋಡಿ, "ಇವುಗಳಿಗೆ ಅಜ್ಞಾತ ಎಂದು ಬರೆಯುವ ಪದ್ಧತಿ ಉಂಟು. ತಾವು ಚಿಂತಿಸಬೇಡಿ," ಎಂದರು.

"ಅಜ್ಞಾತ ಅಂದ್ರೆ ಯಾರ್ಗೂ ಗೊತ್ತಿಲ್ಲ ಅಂತ ತಾನೆ?" ಎಂದರು ಸಣ್ಣತಾಯಮ್ಮ. "ನಂಗೆ ಗೊತ್ತಿತ್ತು. ಅವ್ಳ ಎದುರ್ಗೆ ಕೂತು ಬರ್ದಿವ್ನಿ, ಅವ್ಳ ಕೈಯಲ್ಲಿ ಮಜ್ಜಿಗೆ ಕುಡ್ದಿವ್ನಿ. ಗೊತ್ತಿಲ್ಲ ಅಂತ ಬರುದ್ರೆ ಅವ್ಳ ಮೇಲೆ ತಪ್ಪು ಹೊರ್ಸ್‌ದಂಗೆ."

ತಿರುಮಲೇಶನನ್ನು ಕರೆದು ಹೇಳಿ ಬರೆಸಿದರು. ಅವನು ಯಂತ್ರ ಬಿಟ್ಟು ಕೈಯಿಂದಲೇ, ಕನ್ನಡದಲ್ಲೇ ಬರೆದ. ಉಳಿದ ಹಾಳೆಗಳ ಮೇಲೆಲ್ಲ ಅದೇ ಮಾತು. 'ಹೇಳಿದವಳು ಇದ್ದಾಳೆ. ಮರೆತವಳು ಸಣ್ಣತಾಯಮ್ಮ.'

"ಮರೆಸಿದವನು ತಿರುಮಲೇಶ ಅಂತಾನೂ ಸೇರಿಸಲಾ ದೊಡ್ಡಮ್ಮ?"

"ಬ್ಯಾಡ. ಅಷ್ಟು ಸುಲಭ್‌ವಾಗಿ ಗ್ರಂಥಾಲಯ ಸೇರ್ಬೇಕು ಅಂದ್ಕಂಡಿದ್ದೀಯಾ?" ಎಂದರು. ಅವತ್ತು ನವೆಂಬರಿನಿಂದೀಚೆಗೆ ಮೊದಲ ಸಲ ಅವನು ಬಾಯಿತುಂಬ ನಕ್ಕ.

ವ್ಯಾನು ಹೋಯಿತು. ಅದರ ಹಿಂದೆ ಎರಡು ಹೆಜ್ಜೆ ಹೋಗಿ ಅವರು ನಿಂತರು. ಆಮೇಲೆ ತಿಂಗಳುಗಟ್ಟಲೆ ಏನು ಮಾಡಬೇಕೆಂದು ತಿಳಿಯದೆ ನಮ್ಮ ಮನೆಯ ಕಡಲೆಕಾಳು, ಅಕ್ಕಿ, ಬೇಳೆ ಎಲ್ಲ ಆರಿಸಿಕೊಟ್ಟರು. ಇಲ್ಲಿಯ ಬೇಳೆಯಲ್ಲಿ ಕಲ್ಲು ಇರುವುದಿಲ್ಲ ಎಂದರೂ ಬಿಡಲಿಲ್ಲ. ಒಂದು ದಿನ ಅವರ ಮುಖ ನೋಡಲಾರದೆ, ನಾನೇ ಸೊಂಟಕ್ಕೆ ಕೈಯಿಟ್ಟು ನಿಂತು ಲಿಂಗಮ್ಮನ ಕೋಳಿ ಶಾಪ ಹಾಕಿದೆ. ಬೇಳೆಯ ತಟ್ಟೆ ಕೆಳಗಿಟ್ಟು ಕೇಳಿದರು.

"ಪುಕ್ಕ ಅನ್ನುವಾಗ ಅವ್ಳು ಅಷ್ಟು ಬಾಯಿ ತೆಗೀತಿರ್ನಿಲ್ಲ. ಹಲ್ಲು ಹೋಗಿತ್ತು," ಎಂದರು. ನಾನು ಬಾಯಿ ಚಿಕ್ಕದು ಮಾಡಿ ಇನ್ನೊಮ್ಮೆ ಹಾಕಿದೆ. "ಇರಬೈದು," ಎಂದರು.

ಅಂದಿನಿಂದ ನಾನು ದನಿ ಮಾಡುವವಳು, ಅವರು ತಿದ್ದುವವರು.

೧೯೮೮ರ ಬೇಸಿಗೆಯಲ್ಲಿ ಅವರ ಎದೆ ಕೈಕೊಟ್ಟಿತು. ಸ್ಯಾನ್ ಹೋಸೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ತಿರುಮಲೇಶ ಆಫೀಸಿಗೆ ರಜೆ ಹಾಕಿ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಮೂಗಿಗೆ ಕೊಳವೆ ಹಾಕಿದ್ದರು. ನರ್ಸಮ್ಮ ಬಂದು ಹೋದ ಮೇಲೆ, "ಆವಮ್ಮನ ಅಜ್ಜಿ ಊರಲ್ಲಿ ಭತ್ತ ಬೆಳೀತಾರಂತೆ. ಫಿಲಿಪ್ಪೀನ್ಸು," ಎಂದರು. "ನಮ್ ತಾಲ್ಲೂಕಿಂದಲ್ಲ."

"ಬೀಸೂಕಲ್ಲಿನಾಕಿ ನೆನಪಾದಳೇನ್ರಿ ಅಕ್ಕೋರ?" ಎಂದು ಕೇಳಿದೆ.

ಇಲ್ಲ ಎಂದು ತಲೆ ಆಡಿಸಿದರು. ಆ ಹಾಳೆ ನನಗೆ ಬಾಯಿಪಾಠವಾಗಿತ್ತು. ಅದನ್ನೇ ಹೇಳಿದೆ, ಯಾರ ದನಿಯೂ ಇಲ್ಲದೆ, ಅವರು ಓದುತ್ತಿದ್ದ ಹಾಗೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ತಿರುಮಲೇಶ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಹೊರಡುವ ಹೊತ್ತಾಗಿತ್ತು. ನಾನು ಎದ್ದಾಗ ನನ್ನ ಸೆರಗಿನ ತುದಿ ಹಿಡಿದುಕೊಂಡರು.

"ಶರಣವ್ವಾರೆ, ಲಿಂಗಮ್ಮನ್ ದನಿ ಮಾಡ್ತೀರಿ, ಗೌರಮ್ಮನ್ ದನಿ ಮಾಡ್ತೀರಿ. ನನ್ ದನಿ ಬತ್ತದಾ ನಿಮ್ಗೆ? ಎಲ್ಲಿ, ಒಂಚೂರು ಮಾಡಿ, ನೋಡನ."